ತಲೆದೆಸೆಯ ಸೌದೆ

ಹುಣಸೂರಿನ ತಂಬಾಕು ಡಿಪೋದಲ್ಲಿ ಹದಿನೆಂಟು ವರ್ಷ ಎಲೆ ವಿಂಗಡಿಸಿದ ಕೃಷ್ಣಪ್ಪನಿಗೆ ಕೊನೆಗೆ ದಕ್ಕಿದ್ದು ಎರಡೇ ಎರಡು. ಒಂದು ಉಬ್ಬಸ, ಇನ್ನೊಂದು ಒರಗಿಕೊಳ್ಳಲು ಒಂದು ಗೋಣಿಮೂಟೆ. ಮಲಗಿದರೆ ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಗೋಡೆಗೆ ಮೂಟೆ, ಮೂಟೆಗೆ ಬೆನ್ನು ಕೊಟ್ಟು, ಬಸ್ಸಿಗೆ ಕಾದವನ ಹಾಗೆ ಕೂತೇ ನಿದ್ದೆ ಮಾಡುವುದನ್ನು ಅವನು ಕಲಿತಿದ್ದ. ಮೂರು ವರ್ಷ ಹೀಗೇ ಹೋಯಿತು. ಡಿಪೋದ ಯಜಮಾನ ಮಾತ್ರ ಕಾಲು ಚಾಚಿಯೇ ಮಲಗುತ್ತಿದ್ದ. ಅವನ ಎಲೆಯ ಧೂಳು ಅವನ ಮೂಗಿಗೆ ಒಂದು ದಿನವೂ ಹೋದದ್ದಿಲ್ಲ.

ಹೆಂಡತಿ ಗಂಗೆಗೆ ಈ ಲೋಕದಲ್ಲಿ ಇದ್ದ ಆಸೆ ದೊಡ್ಡದೇನಲ್ಲ. ಗಂಡ ಒಂದು ದಿನ ನೆಲಕ್ಕೆ ಬೆನ್ನು ತಾಗಿಸಿ ಮಲಗಬೇಕು. ಅಷ್ಟೆ.

"ಈ ಧೂಳು ಬಿಡದೆ ಇದ್ದರೆ ನಾನು ಔಷಧಿ ಬರೆಯೋದು ದಂಡ" ಅಂದುಬಿಟ್ಟರು ಡಾಕ್ಟರು. ಕೆಲಸ ಬಿಟ್ಟರೆ ಡಿಪೋದ ಸಾಲುಮನೆಯನ್ನೂ ಬಿಡಬೇಕು. ಹೊರಗೆ ಬಾಡಿಗೆ ಕೇಳಿದರೆ ಎಂಟು ರೂಪಾಯಿ, ಹತ್ತು ರೂಪಾಯಿ. ಆಗ ಮಗ ದೇವರಾಜು ಬಾಯಿ ಬಿಟ್ಟ. ಇಪ್ಪತ್ತೆರಡರ ಹುಡುಗ, ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಲಾರಿ ಹತ್ತಿದವನು. ಕೊಡಗಿನ ಕಿತ್ತಳೆ ಮೈಸೂರಿಗೆ ಇಳಿಸುವ ಲಾರಿಯಲ್ಲಿ ಓಡಾಡಿ ಆ ಕಡೆಯೆಲ್ಲ ಕಂಡಿದ್ದ.

"ಕುಶಾಲನಗರದ ಸೇತುವೆ ದಾಟಿದ್ರೆ ಬೇರೆ ರಾಜ್ಯ ಕಣವ್ವ. ತಣ್ಣನೆ ಗಾಳಿ. ಅಕ್ಕಿ ಅಗ್ಗ. ಸುಂಟಿಕೊಪ್ಪದ ಹತ್ರ ಮೂರು ರೂಪಾಯಿಗೆ ಮನೆ ನೋಡಿವ್ನಿ. ಅಲ್ಲೇ ಕಿತ್ತಳೆ ಮಂಡೀಲಿ ನಂಗೂ ಕೆಲ್ಸ ಅದೆ."

"ಬೇರೆ ರಾಜ್ಯಕ್ಕಾ!" ಅಂತ ಎದ್ದು ನಿಂತಳು ಕೃಷ್ಣಪ್ಪನ ತಾಯಿ ಲಿಂಗಮ್ಮ. "ನಮ್ಮಪ್ಪನ ಮನೆ ಮೂರು ಮೈಲಿ, ಗಂಡನ ಮನೆ ಇದು. ಅದ್ಬುಟ್ರೆ ಕಟ್ಟೆಮಳಲವಾಡಿ ದಾಟಿದ್ದು ನಾನು ಎರಡೇ ಸಲ. ಈಗ ರಾಜ್ಯ ದಾಟ್ಲಾ? ಅಲ್ಲಾ ಕಣ್ಲಾ, ಆ ಕೊಡಗನ್ನೇ ನಮ್ಮ ಮೈಸೂರಿಗೆ ಸೇರುಸ್ತಾರಂತೆ. ಸುಮ್ಕೆ ಇಲ್ಲೇ ಕೂತಿದ್ರೆ ಅದೇ ನಮ್ಮ ಬಾಗಿಲಿಗೆ ಬತ್ತದೆ."

"ಅದು ಬರೋವರ್ಗೂ ಅಪ್ಪನ ಉಸಿರು ಕಾಯ್ತದಾ ಅಜ್ಜಿ?"

ಅಜ್ಜಿ ಅದಕ್ಕೊಂದು ಕರಾರು ಹಾಕಿದಳು. "ಆಷಾಢ ಕಳೆಯೋಗಂಟ ನೋಡ್ತೀನಿ. ಅಷ್ಟೊತ್ಗೆ ನನ್ ಮಗ ನೆಟ್ಟಗೆ ಮಲಗ್ಲಿಲ್ಲ ಅಂದ್ರೆ ಅವನ ಕೈ ಹಿಡ್ಕಂಡು ಬಸ್ ಹತ್ತುಬುಡ್ತೀನಿ. ನೀವು ತಾಯಿಮಗ ಅಲ್ಲೇ ಇದ್ದು ಕಿತ್ತಳೆ ತಿನ್ಕಳಿ."

ಶಿವರಾತ್ರಿಗೆ ಮೂರು ವಾರ ಇದೆ ಅನ್ನುವಾಗ ಸಂಸಾರ ಹೊರಟಿತು. ಬಸ್ಸಿನ ಮೇಲೆ ಒಂದು ಮೂಟೆ ರಾಗಿ, ಪಾತ್ರೆಯ ಗಂಟು, ಕೃಷ್ಣಪ್ಪನ ಗೋಣಿಮೂಟೆ. ಕೊನೆಗೆ ಲಿಂಗಮ್ಮನ ಬೀಸುಕಲ್ಲು.

"ಕೊಡಗಲ್ಲಿ ಕಲ್ಲಿಲ್ವಾ ಅಜ್ಜಿ?" ಅಂದ ಕಂಡಕ್ಟರು, ಸೊಂಟ ಹಿಡಿದುಕೊಳ್ಳುತ್ತಾ.

"ಕಲ್ಲದೆ ಕಣಪ್ಪ. ನನ್ ಕೈ ಬಿದ್ದಿರೋ ಕಲ್ಲಿಲ್ವಲ್ಲ."

ಮನೆ ಮುತ್ತಮ್ಮನದು. ಗಂಡ ತೀರಿಹೋದ ಕೊಡವರ ಹೆಂಗಸು. ಅರವತ್ತರ ಹತ್ತಿರ ಬಂದರೂ ತೋಟದಲ್ಲಿ ಕತ್ತಿ ಹಿಡಿದು ಓಡಾಡುವವಳು. ತನ್ನ ಮನೆಯಿಂದ ಇನ್ನೂರು ಹೆಜ್ಜೆ ಕೆಳಗೆ, ಹಿಂದೆ ತೋಟದ ಲೆಕ್ಕ ಬರೆಯುವ ರೈಟರು ಇರುತ್ತಿದ್ದ ಹೆಂಚಿನ ಮನೆಯನ್ನು ಇವರಿಗೆ ಕೊಟ್ಟಿದ್ದಳು. ಮುಂದೊಂದು ಕೋಣೆ, ಪಕ್ಕದಲ್ಲೊಂದು ಚಿಕ್ಕ ಕೋಣೆ, ಹಿಂದೆ ಅಡುಗೆಮನೆ. ಇವೆರಡು ಮನೆ ಬಿಟ್ಟರೆ ಸುತ್ತ ಕೂಗಿದರೆ ಕೇಳುವಷ್ಟು ದೂರದಲ್ಲಿ ಬೇರೆ ಮನೆಯಿಲ್ಲ, ಬರೀ ಕಾಫಿ. ಗಂಗೆ ಅವಳ ತೋಟದ ಕಳೆ ಕೆಲಸಕ್ಕೆ ಹೋಗತೊಡಗಿದಳು. ಕೃಷ್ಣಪ್ಪ ಜಗಲಿಯಲ್ಲಿ ಕೂತು ಮಂಡಿಗೆ ಕಿತ್ತಳೆ ಬುಟ್ಟಿ ಹೆಣೆದ. ಎಲೆ ವಿಂಗಡಿಸಿದ ಬೆರಳು ಬಿದಿರಿನ ಸೀಳನ್ನು ಎರಡೇ ದಿನಕ್ಕೆ ಹೇಳಿದ ಮಾತು ಕೇಳುವ ಹಾಗೆ ಮಾಡಿತು.

ಮುತ್ತಮ್ಮ ಮೊದಲನೇ ದಿನವೇ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ ಮುಚ್ಚಿ ತಂದಳು. ಲಿಂಗಮ್ಮ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು.

"ಹಂದಿ ಮಾಡಿದ್ ಪಾತ್ರೇಲಿ ಮಾಡಿಲ್ಲ ತಾನೆ?"

"ಅತ್ತೇ!" ಅಂದಳು ಗಂಗೆ, ನಾಚಿಕೆಯಿಂದ.

ಮುತ್ತಮ್ಮ ಗಹಗಹಿಸಿ ನಕ್ಕಳು. "ಇಲ್ಲ ಅಜ್ಜಿ. ನಿಮಗೆ ಹಂದಿ ಕೊಡುವಷ್ಟು ಸ್ನೇಹ ಇನ್ನೂ ಎಲ್ಲಿ ಆಗಿದೆ? ಅದು ಆಮೇಲೆ."

ಆರನೇ ದಿನ ಮಧ್ಯಾಹ್ನ ಗಂಗೆ ಕಳೆ ಕೆಲಸ ಮುಗಿಸಿ ಬಂದಾಗ ಜಗಲಿಯಲ್ಲಿ ಅರ್ಧ ಹೆಣೆದ ಬುಟ್ಟಿ ಮಾತ್ರ ಇತ್ತು. ಓಡಿಹೋಗಿ ಒಳಗೆ ಇಣುಕಿದಳು. ಕೃಷ್ಣಪ್ಪ ಚಾಪೆಯ ಮೇಲೆ ಉದ್ದಕ್ಕೆ, ಬೆನ್ನು ನೆಲಕ್ಕೆ ಹಾಕಿ ಮಲಗಿದ್ದ. ಗೋಣಿಮೂಟೆ ಮೂಲೆಯಲ್ಲಿ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಎದೆ ಸದ್ದಿಲ್ಲದೆ ಏರಿ ಇಳಿಯುತ್ತಿತ್ತು. ಅವನ ಕಾಲು ಇಷ್ಟು ಉದ್ದ ಇದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಬಾಗಿಲ ಆಚೆ ಬದಿ ಲಿಂಗಮ್ಮ ಆಗಲೇ ನಿಂತಿದ್ದಳು. ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು, ತೊಟ್ಟಿಲು ನೋಡುವವರ ಹಾಗೆ, ನಲವತ್ತೆಂಟು ವರ್ಷದ ಗಂಡಸನ್ನು ನೋಡಿದರು.

"ಎಬ್ಬಿಸ್ಬ್ಯಾಡ ಕಣೆ. ಬೀಸೋದು ಆಮೇಲಾಗ್ಲಿ" ಅಂದಳು ಅಜ್ಜಿ.

ಯುಗಾದಿ ಕಳೆಯಿತು. ಸುಂಟಿಕೊಪ್ಪದ ದಾರಿಯ ಮನೆಗಳಲ್ಲಿ ಒಂದು ಹೊಸ ಗಡಿಬಿಡಿ ಶುರುವಾಯಿತು. ಸೂರಿನ ಕೆಳಗೆ, ಕೊಟ್ಟಿಗೆಯಲ್ಲಿ, ಎಲ್ಲಿ ನೋಡಿದರೂ ಸೌದೆ. ಸೀಳಿ, ಒಣಗಿಸಿ, ಗೋಡೆಯ ಎತ್ತರಕ್ಕೆ ಇಟ್ಟಿಗೆ ಜೋಡಿಸಿದ ಹಾಗೆ ಒಟ್ಟುತ್ತಿದ್ದರು.

"ಗಂಗೆ, ನಿಮ್ಮ ಸೌದೆ ಆಯಿತಾ?" ಅಂತ ಕೇಳಿದಳು ಮುತ್ತಮ್ಮ. "ಇಲ್ಲಿ ಮಳೆ ಹಿಡಿದರೆ ಬಿಡುದಿಲ್ಲ ಮಾರಾಯ್ತಿ. ಮೂರು ತಿಂಗಳು ಸೂರ್ಯ ಯಾರ ಮನೆಯಲ್ಲಿ ಇರ್ತಾನೋ, ನಮ್ಮಲ್ಲಿ ಇರುದಿಲ್ಲ. ಈಗಲೇ ಒಟ್ಟಬೇಕು."

ಗಂಗೆ ಮನೆಗೆ ಬಂದು ಹೇಳಿದಳು. ಲಿಂಗಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಬ್ಯಾಡ. ಸೌದೆ ಒಟ್ಟಿದ್ರೆ ಚೇಳು ಸೇರ್ಕತದೆ. ಹುಣಸೂರಲ್ಲಿ ಸಂತೆಯಿಂದ ಸಂತೆಗೆ ಒಂದೊಂದು ಹೊರೆ ತರ್ತಿರ್ಲಿಲ್ವಾ? ಹಂಗೇ ತಂದ್ರಾಯ್ತು."

ಚೇಳಿನ ಮಾತು ಗಂಗೆಗೆ ನಿಜ ಅನ್ನಿಸಲಿಲ್ಲ. ನಿಜ ಏನೆಂದು ಅವಳಿಗೆ ಗೊತ್ತಿತ್ತು. ಅವಳು ಆ ಮನೆಗೆ ಸೊಸೆಯಾಗಿ ಬರುವ ಮುಂಚಿನ ಕಥೆ ಅದು. ಮಾವ ಜ್ವರದಲ್ಲಿ ಮಲಗಿದ್ದಾಗ, ಮಗಳ ಮದುವೆ ಅಡುಗೆಗೆ ಬೇಕು ಅಂತ ಒಂದು ಗಾಡಿ ಸೌದೆ ತರಿಸಿ ಅವರು ಮಲಗಿದ್ದ ಕೋಣೆಯ ಗೋಡೆಗೆ, ತಲೆದೆಸೆಗೆ, ಒಟ್ಟಿದ್ದರು. ಒಂಬತ್ತನೇ ದಿನ ಅದೇ ಸೌದೆಯನ್ನು ಅದೇ ಗಾಡಿಯಲ್ಲಿ ಹೊಳೆ ದಂಡೆಗೆ ಹೇರಿಕೊಂಡು ಹೋಗಬೇಕಾಯಿತು. ಅಲ್ಲಿಂದ ಮುಂದೆ ಲಿಂಗಮ್ಮನ ಮನೆಯಲ್ಲಿ ಕಾಯಿಲೆಯವರು ಇದ್ದಾಗ ಒಂದು ಹೊರೆಗಿಂತ ಹೆಚ್ಚು ಸೌದೆ ಸೇರಿದ್ದಿಲ್ಲ. ಈ ವಿಷಯ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಆಡಿದರೆ ಅದೂ ಒಂದು ಅಪಶಕುನವಲ್ಲ?

ದೇವರಾಜುವಿಗೆ ಇದೊಂದೂ ಗೊತ್ತಿರಲಿಲ್ಲ. ಎರಡು ವಾರದ ಕೂಲಿ ಕೊಟ್ಟು ಒಂದು ಗಾಡಿ ಸೌದೆ ಮಾತಾಡಿದ. ಹಳೇ ತೋಟ ಕಿತ್ತ ಕಾಫಿ ಬೊಡ್ಡೆ, ಕಬ್ಬಿಣದ ಹಾಗೆ ಒಣಗಿದ್ದು. ಗಾಡಿಯವನು ಮಾರಿ ಅಂತ, ತಿತಿಮತಿ ಕಡೆಯವನು. ಭಾನುವಾರ ಬೆಳಿಗ್ಗೆ ಗಾಡಿ ಅಂಗಳಕ್ಕೆ ಬಂದು ನಿಂತದ್ದೇ ತಡ, ಲಿಂಗಮ್ಮ ಮೊರ ಹಿಡಿದುಕೊಂಡೇ ಎತ್ತಿನ ಮುಂದೆ ನಿಂತಳು.

"ತಿರುಗ್ಸು ಗಾಡಿ."

"ಅಜ್ಜಿ, ದುಡ್ ಕೊಟ್ಟಾಗಿದೆ!"

"ಕೊಟ್ರೆ ಕೊಟ್ಕ. ಒಂದ್ ಸೀಳು ಇಳಿಸಿದ್ರೆ ನಾನೀಗ್ಲೇ ರಸ್ತೆಗೆ ಹೋಗಿ ಕೂತ್ಕತೀನಿ."

"ಯಾಕೆ ಅಂತ ಹೇಳು. ಒಂದ್ ಕಾರಣ ಹೇಳು!"

"ಚೇಳು."

"ಚೇಳಂತೆ! ಅವ್ವಾ, ನೀನಾದ್ರೂ ಬುದ್ಧಿ ಹೇಳು."

ದೇವರಾಜು ತಾಯಿಯ ಮುಖ ನೋಡಿದ. ಜಗಲಿಯಲ್ಲಿ ಕೃಷ್ಣಪ್ಪ ಬುಟ್ಟಿಯಿಂದ ತಲೆಯೆತ್ತಿ ಮತ್ತೆ ತಗ್ಗಿಸಿದ. ಗಂಗೆಗೆ ಆ ಗಾಡಿಯಲ್ಲಿ ಒಂದು ಕ್ಷಣ ಅತ್ತೆಗೆ ಕಂಡದ್ದೇ ಕಂಡಿತು.

"ಬ್ಯಾಡ ಬುಡು ಮಗ" ಅಂದಳು.

"ನೀವಿಬ್ರೂ ಸೇರ್ಕಂಡು ಹಸಿ ಸೌದೇಲಿ ಹೊಗೆ ಕುಡೀರಿ ಹೋಗಿ!" ಅಂದವನೇ ಹೆಗಲ ವಲ್ಲಿಯನ್ನು ನೆಲಕ್ಕೆ ಬೀಸಿ ಹೊಡೆದು, ಗಾಡಿ ಏನಾಯಿತು ಅಂತ ತಿರುಗಿ ಕೂಡ ನೋಡದೆ ಸುಂಟಿಕೊಪ್ಪದ ಕಡೆ ನಡೆದುಬಿಟ್ಟ. ಮಾರಿ ಎರಡು ಸಲ "ಅಣ್ಣೋ" ಅಂತ ಕೂಗಿ, ತಲೆ ಕೆರೆದುಕೊಂಡು, ಎತ್ತು ತಿರುಗಿಸಿದ.

ಜೂನ್ ಕೊನೆಯ ವಾರ ಮುತ್ತಮ್ಮ ಮಗಳ ಬಾಣಂತನಕ್ಕೆ ಅಂತ ಮನೆಗೆ ಬೀಗ ಹಾಕಿ ಕಕ್ಕಬೆಗೆ ಹೋದಳು. "ಹದಿನೈದು ದಿನ, ಬಂದುಬಿಡ್ತೇನೆ" ಅಂದಿದ್ದಳು. ಅವಳು ಹೋದ ಮೂರನೇ ದಿನ ಹಿಡಿದ ಮಳೆ, ಅವಳು ವಾಪಸು ಬರುವ ದಾರಿಯ ಮೋರಿಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಹದಿನೈದು ದಿನ ತಿಂಗಳಾಯಿತು.

ಹುಣಸೂರಿನ ಮಳೆ ಬರುತ್ತದೆ, ಹೋಗುತ್ತದೆ. ಇದು ಬಂದು ಕೂತಿತು. ಬೆಳಿಗ್ಗೆ ಎದ್ದರೆ ಮಳೆ, ಉಂಡರೆ ಮಳೆ. ಉಪ್ಪು ನೀರಾಯಿತು. ಬೆಂಕಿಪೊಟ್ಟಣವನ್ನು ಗಂಗೆ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡಿದಳು. ಸಂತೆಗೆ ಸೌದೆಯ ಹೊರೆ ಬರುವುದೇ ನಿಂತಿತು. ಬಂದದ್ದೂ ಹಿಂಡಿದರೆ ನೀರು ಬರುವಂಥದ್ದು. ದೇವರಾಜು ಮಂಡಿಯಿಂದ ಮುರಿದ ಪೆಟ್ಟಿಗೆಯ ಹಲಗೆ ತಂದ. ಅವು ಎರಡೇ ದಿನಕ್ಕೆ ಬುರ್ರೆಂದು ಉರಿದು ಮುಗಿದವು. ಮಾರಿಯನ್ನು ಹುಡುಕಿಕೊಂಡು ಹೋದರೆ ಅವನು ಮಳೆಗೆ ಮುಂಚೆಯೇ ಎತ್ತು ಹೊಡೆದುಕೊಂಡು ತಿತಿಮತಿಗೆ ಹೋಗಿದ್ದ.

"ಕಳ್ ನನ್ಮಗ. ನನ್ ಸೌದೆ ಇನ್ಯಾರಿಗೋ ಕೊಟ್ಟು ದುಡ್ಡು ಸೊಂಟಕ್ಕೆ ಸಿಗ್ಸ್ಕಂಡು ಹೋಗವ್ನೆ" ಅಂತ ದೇವರಾಜು ದಿನಾ ಬೈದ.

ಒಲೆ ಉರಿಯಲಿಲ್ಲ, ಹೊಗೆಯಿತು. ಗಂಗೆ ಊದುಗೊಳವೆಗೆ ಬಾಯಿಟ್ಟು ಊದಿ ಊದಿ ಕಣ್ಣು ಕೆಂಡವಾಯಿತು. ಎಸರು ಕುದಿಯದೆ ರಾಗಿಹಿಟ್ಟು ಗಂಟುಗಂಟಾಯಿತು. ಹೊಗೆ ಹೆಂಚಿನ ಸಂದಿಯಲ್ಲಿ ಹೋಗಲಾರದೆ, ಮಳೆಗೆ ಹೆದರಿದ ನಾಯಿಯ ಹಾಗೆ ಮನೆಯೊಳಗೇ ಸುತ್ತಿತು. ಹತ್ತು ದಿನಕ್ಕೆ ಕೃಷ್ಣಪ್ಪನ ಎದೆಯಲ್ಲಿ ಹಳೇ ಸಿಳ್ಳೆ ಎದ್ದಿತು. ಹದಿನಾಲ್ಕನೇ ದಿನ ಅವನೇ ಎದ್ದು ಹೋಗಿ ಮೂಲೆಯಿಂದ ಗೋಣಿಮೂಟೆಯನ್ನು ಎಳೆದುಕೊಂಡು ಬಂದು ಗೋಡೆಗೆ ಇಟ್ಟ. ಮೂಟೆ ಎಳೆಯುವ ಸದ್ದು ಅಡುಗೆಮನೆಯಲ್ಲಿದ್ದ ಗಂಗೆಗೆ ಕೇಳಿತು. ಊದುಗೊಳವೆ ಕೆಳಗಿಟ್ಟು, ಸೆರಗು ಬಾಯಿಗೆ ತುರುಕಿಕೊಂಡಳು.

ಅದೇ ವಾರ ಮೈದುನ ಸಣ್ಣಸ್ವಾಮಿಯ ಕಾರ್ಡು ಬಂತು. ಡಿಪೋದಲ್ಲಿ ವಾಚ್‌ಮನ್ ಕೆಲಸ ಖಾಲಿ ಇದೆ, ಅಣ್ಣ ಬಂದರೆ ಯಜಮಾನರು ಕೊಡುತ್ತಾರೆ, ಗೋಡೌನಿನ ಒಳಗೆ ಕೂತಿದ್ದರೆ ಸಾಕು, ಮನೆಯೂ ಕೊಡುತ್ತಾರೆ.

ದೇವರಾಜು ಓದಿ ಮುಗಿಸುವಷ್ಟರಲ್ಲಿ ಲಿಂಗಮ್ಮ ಬೀಸುಕಲ್ಲಿಗೆ ಹಳೇ ಸೀರೆ ಸುತ್ತತೊಡಗಿದ್ದಳು.

"ಇನ್ನೂ ಆಷಾಢ ಮುಗ್ದಿಲ್ಲ ಅಜ್ಜಿ."

"ಇನ್ನು ಏಳು ದಿನ. ಸಂತೆ ದಿನದ ಬಸ್ಸಿಗೆ ಹೊಂಟೆ. ಕೂತ್ಕಂಡು ನಿದ್ದೆ ಮಾಡೋನು ಅಲ್ಲೂ ಕೂತ್ಕಂಡೇ ಮಾಡ್ಲಿ. ಅಲ್ಲಾದ್ರೆ ಬಿಸಿಲಾದ್ರೂ ಅದೆ."

"ಗೋಡೌನ್ ಒಳಗೆ ಯಾವ್ ಬಿಸಿಲು? ಅಪ್ಪನ್ನ ಕರ್ಕಂಡ್ ಹೋಗಿ ಅದೇ ಧೂಳಿಗೆ ಹಾಕ್ತೀಯಾ? ಸೌದೆ ಗಾಡಿ ವಾಪಸ್ ಕಳ್ಸಿದ್ದು ಯಾರು? ನೀನು! ಈ ಹೊಗೆ ಹಾಕಿದ್ದು ಯಾರು? ನೀನೇ!"

ಲಿಂಗಮ್ಮನ ಕೈ ಗಂಟಿನ ಮೇಲೆ ನಿಂತಿತು. ಮುಖ ಚಿಕ್ಕದಾಯಿತು. ಮೂಟೆಗೆ ಒರಗಿದ್ದ ಕೃಷ್ಣಪ್ಪ "ಲೇ..." ಅನ್ನಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಮೂವರೂ ಅವನನ್ನೇ ನೋಡುತ್ತ ನಿಂತರು. ಮಾತು ಅಲ್ಲಿಗೆ ಮುರಿಯಿತು.

ಮಾರನೆಯ ಬೆಳಿಗ್ಗೆ ಗಂಗೆ ನೀರಿಗೆ ಹೋದವಳು ಮೇಲಿನ ಮನೆಯ ಕಡೆ ನೋಡಿ ಬಿಂದಿಗೆ ಹಿಡಿದುಕೊಂಡೇ ನಿಂತಳು. ಮುತ್ತಮ್ಮನ ಹೆಂಚಿನ ಮೇಲೆ ಹೊಗೆ ಎದ್ದಿತ್ತು. ತನ್ನ ಮನೆಯ ಹಾಗೆ ಬಿಳಿ ಮೋಡವಲ್ಲ. ಎಳೆಯ ಹಾಗೆ ತೆಳ್ಳಗೆ, ನೀಲಿ. ಒಣ ಸೌದೆಯ ಹೊಗೆ. ಬಿಂದಿಗೆ ಅಲ್ಲೇ ಬಿಟ್ಟು, ಗೋಣಿಕೊಪ್ಪೆ ಹೊದ್ದುಕೊಂಡು ಕೆಸರು ಹತ್ತಿದಳು.

"ಬಂದೆಯಾ ಮಾರಾಯ್ತಿ! ನಿನ್ನೆ ಸಂಜೆ ಬಂದೆ. ಗಂಡು ಮಗು, ನೋಡಬೇಕು ನೀನು..." ಅನ್ನುತ್ತಿದ್ದ ಮುತ್ತಮ್ಮ ಗಂಗೆಯ ಕಣ್ಣು ಕಂಡು ಮಾತು ನಿಲ್ಲಿಸಿದಳು. "ಎಂತಾಯಿತು?"

"ಒಂದ್ ತೋಳು ಒಣ ಸೌದೆ ಕೊಡಿ ಅಕ್ಕ. ಆಮ್ಯಾಕೆ ಕೆಲ್ಸದಲ್ಲಿ ಹಿಡ್ಕಳಿ."

"ನನ್ನ ಸೌದೆ ಯಾಕೆ? ನಿಮ್ಮದೇ ಉಂಟಲ್ಲ."

"ನಮ್ದಾ?"

ಮುತ್ತಮ್ಮ ಕೊಟ್ಟಿಗೆ ಪಕ್ಕದ ಕೋಣೆಯ ಬೀಗ ತೆಗೆದಳು. ಒಂದು ಗಾಡಿ ಕಾಫಿ ಬೊಡ್ಡೆ, ಮಾಡಿನವರೆಗೆ ಒಟ್ಟಿದ್ದು, ಖಣಖಣ ಒಣಗಿದ್ದು.

"ಆ ಮಾರಿ ಅವತ್ತು ಇಲ್ಲಿಗೆ ಗಾಡಿ ತಂದು ನಿಂತ. 'ದುಡ್ಡು ತೆಗೊಂಡಿದ್ದೇನೆ ಅಮ್ಮ, ವಾಪಸ್ ಹೇಗೆ ಹೊಡೆಯುದು? ಅವರ ಮನೆ ಜಗಳ ಮುಗಿಯುವ ತನಕ ಇಲ್ಲಿ ಇರಲಿ' ಅಂದ. ಅವನೇ ಇಳಿಸಿ ಒಟ್ಟಿ ಹೋದ. ನಿನ್ನ ಮಗನಿಗೆ ಹೇಳಿರ್ತಾನೆ ಅಂತ ನಾನು, ನಾನು ಹೇಳಿರ್ತೇನೆ ಅಂತ ಅವನು. ಅಯ್ಯೋ, ಒಂದು ತಿಂಗಳು ಹೊಗೆ ಕುಡಿದಿರಾ? ಬೀಗದ ಕೈ ನನ್ನ ಸೊಂಟದಲ್ಲಿ!"

ಗಂಗೆ ಒಂದು ಬೊಡ್ಡೆ ಎತ್ತಿಕೊಂಡಳು. ಹಗುರವಾಗಿತ್ತು. ಕೆನ್ನೆಗೆ ಒತ್ತಿ ನೋಡಿದಳು, ಬೆಚ್ಚಗಿತ್ತು. ಅಲ್ಲೇ ಕೂತು ಅತ್ತುಬಿಟ್ಟಳು. ಮುತ್ತಮ್ಮ ಬೈಯುತ್ತ ಬೈಯುತ್ತ ಅವಳ ತಲೆಗೆ ಒಣ ಬಟ್ಟೆ ಹಾಕಿ ಒರೆಸಿದಳು.

ಆ ಬೆಳಿಗ್ಗೆ ಒಲೆ ಮಾತಾಡಿತು. ಮುದ್ದೆ ನುಣ್ಣಗೆ ಬಂತು. ಹೊಗೆ ಇಲ್ಲದ ಅಡುಗೆಮನೆಯ ಬಾಗಿಲಲ್ಲಿ ಲಿಂಗಮ್ಮ ನಿಂತು, ಉರಿಯುವ ಬೊಡ್ಡೆಯನ್ನೇ ನೋಡಿದಳು. ಎಲ್ಲಿಯದು ಅಂತ ಕೇಳಲಿಲ್ಲ. ಒಂದು ತೋಳು ಸೌದೆಗೆ ಅವಳ ತಕರಾರಿಲ್ಲ.

ತಕರಾರು ಎದ್ದದ್ದು ಮಧ್ಯಾಹ್ನ. ದೇವರಾಜುವಿಗೆ ಸುದ್ದಿ ಮುಟ್ಟಿ, ಅವನು ಮಂಡಿಯಿಂದ ರಜ ಹಾಕಿ ಓಡಿಬಂದಿದ್ದ. ದಿನಾ ತೋಳುತೋಳು ತಂದರೆ ದಾರಿಯಲ್ಲೇ ನೆನೆಯುತ್ತದೆ. ಮಳೆ ಸ್ವಲ್ಪ ಬಿಟ್ಟಾಗ ಎಲ್ಲಾ ಸಾಗಿಸಿ ಮನೆಯ ಸೂರಿನ ಕೆಳಗೆ ಒಟ್ಟಲೇಬೇಕು. ಮನೆಗೆ ಎರಚಲು ಹೊಡೆಯದ ಗೋಡೆ ಒಂದೇ, ಮೂಡಲಿನದು. ಅದರ ಒಳಬದಿಗೆ ಕೃಷ್ಣಪ್ಪ ಮಲಗುವ ಕೋಣೆ, ಅದಕ್ಕೆ ಅಂಟಿದ ಲಿಂಗಮ್ಮನ ಚಿಕ್ಕ ಕೋಣೆ.

ಮೊದಲ ಹೊರೆಯನ್ನು ಕೃಷ್ಣಪ್ಪನ ಕೋಣೆಯ ಗೋಡೆಗೆ ಇಳಿಸಲು ದೇವರಾಜು ಬಗ್ಗಿದಾಗ ಲಿಂಗಮ್ಮ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಎರಡೂ ಕೈ ಅಗಲಿಸಿದ್ದಳು. ಸೂರಿನ ನೀರು ಅವಳ ಕಾಲಬೆರಳ ಮೇಲೆ ಬೀಳುತ್ತಿತ್ತು.

"ಒಂದ್ ಸೀಳೂ ಈ ಗೋಡೆ ಮುಟ್ಟಕೂಡ್ದು."

"ಅಜ್ಜಿ, ಇವತ್ತು ಚೇಳು ಅಂದ್ರೆ ನಾನು ಸುಮ್ನಿರಲ್ಲ. ಸರ್ಕ."

"ಸರ್ಕಲ್ಲ."

"ದೇವ್ರಾಜ" ಅಂತ ಒಳಗಿನಿಂದ ಕೃಷ್ಣಪ್ಪನ ದನಿ ಬಂತು. ಅವನು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಮಾತಿಗೊಂದು ಉಸಿರು ತೆಗೆದುಕೊಂಡು ಹೇಳಿದ. "ಬಯ್ಯಬ್ಯಾಡ ಕಣ್ಲಾ. ಚೇಳಲ್ಲ ಅದು. ನಿಮ್ ತಾತ ಹಿಂಗೇ ಮಲಗಿದ್ದಾಗ... ತಲೆದೆಸೆ ಗೋಡೆಗೆ ಸೌದೆ ಒಟ್ಟಿದ್ವು, ನಿಮ್ ಸೋದರತ್ತೆ ಮದ್ವೆಗೆ ಅಂತ. ಒಟ್ಟಿದ್ದು ನಾನೇ. ಒಂಬತ್ತ್ ದಿನಕ್ಕೆ ಅದ್ನ ಗಾಡಿಗೆ ಹೇರಿದ್ದೂ ನಾನೇ. ಹದಿನೇಳ್ ವರ್ಷ ನಂಗೆ."

ದೇವರಾಜುವಿನ ಹೆಗಲ ಮೇಲಿನ ಹೊರೆ ಹಾಗೇ ಉಳಿಯಿತು. ಅವನು ಅಜ್ಜಿಯನ್ನು ನೋಡಿದ, ತಾಯಿಯನ್ನು ನೋಡಿದ. ಗಂಗೆ ತಲೆ ತಗ್ಗಿಸಿದಳು.

ಕೃಷ್ಣಪ್ಪ ತಾಯಿಯ ಹತ್ತಿರ ಹೋದ. "ಅವ್ವ. ಅಪ್ಪ ಸತ್ತಿದ್ದು ಜ್ವರಕ್ಕೆ ಕಣವ್ವ. ಸೌದೆಗಲ್ಲ."

"ಗೊತ್ತು ಕಣ್ಲಾ!" ಅಂದಳು ಲಿಂಗಮ್ಮ. "ನಂಗೇನು ಅಷ್ಟೂ ಬುದ್ಧಿ ಇಲ್ವಾ? ಗೊತ್ತು. ಗೊತ್ತಿದ್ರೂ ಕಣ್ಗೆ ಅದೇ ಕಾಣ್ತದೆ, ನಾನೇನ್ ಮಾಡ್ಲಿ?"

ಗಂಗೆ ಮುಂದೆ ಹೋಗಿ ಅತ್ತೆಯ ಅಗಲಿಸಿದ ಕೈಯೊಂದನ್ನು ಹಿಡಿದುಕೊಂಡಳು. ಕೈ ಮಂಜಿನ ಹಾಗೆ ತಣ್ಣಗಿತ್ತು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಅತ್ತೆಯ ಕೈ ಹಿಡಿದದ್ದು ಅದೇ ಮೊದಲು.

"ಬೆಳಿಗ್ಗೆ ಮುದ್ದೆ ಮಾಡ್ದಾಗ ಹೊಗೆ ಬಂತಾ ಅತ್ತೆ?"

"ಇಲ್ಲ."

"ಅವ್ರು ಕೆಮ್ಮಿದ್ರಾ?"

ಲಿಂಗಮ್ಮ ಯೋಚಿಸಿದಳು. "ಎರಡೇ ಸಲ."

ಮಳೆ ಮತ್ತೆ ದಪ್ಪವಾಗುತ್ತಿತ್ತು. ಹೊರೆಯ ತುದಿ ನೆನೆಯತೊಡಗಿತ್ತು. ಮುದುಕಿ ಮಗನ ಮುಖವನ್ನು ನೋಡಿದಳು, ಅವನ ಹಿಂದಿನ ಗೋಡೆಯನ್ನು ನೋಡಿದಳು, ಆಮೇಲೆ ಪಕ್ಕದ ತನ್ನ ಕೋಣೆಯ ಗೋಡೆಯನ್ನು ನೋಡಿದಳು. ಅಳತೆ ಹಾಕುವವಳ ಹಾಗೆ ನೋಡಿ, ಅಗಲಿಸಿದ್ದ ಇನ್ನೊಂದು ಕೈಯನ್ನೂ ಇಳಿಸಿದಳು.

"ಅವನ ಗೋಡೆಗೆ ಬ್ಯಾಡ" ಅಂದಳು. "ನನ್ ಕೋಣೆ ಗೋಡೆಗೆ ಒಟ್ಟು. ನನ್ ತಲೆದೆಸೆಗೆ."

"ಅತ್ತೇ..."

"ನೀ ಸುಮ್ಕಿರೆ. ಬರೋನು ಸೌದೆ ಎಲ್ಲದೆ ಅಂತ ನೋಡ್ಕಂಡೇ ಬರೋದಾದ್ರೆ, ನನ್ ತಾವ್ಕೇ ಬರ್ಲಿ. ನಾನ್ ಮಾತಾಡ್ಕತೀನಿ ಅವನತ್ರ."

ದೇವರಾಜು ಹೊರೆಯನ್ನು ಅಜ್ಜಿಯ ಗೋಡೆಗೆ ಇಳಿಸಿದ. ತಿಂಗಳಿನಿಂದ ಬಾಯಿ ತುಂಬ ಇಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋದವೋ, ಒಂದೂ ಸಿಗಲಿಲ್ಲ. ಬೆನ್ನು ತಿರುಗಿಸಿಕೊಂಡು ಒಂದೊಂದೇ ಬೊಡ್ಡೆಯನ್ನು, ಮೊಟ್ಟೆ ಇಡುವ ಹಾಗೆ, ಮೆಲ್ಲಗೆ ಇಟ್ಟ. ಮೂಗು ಒರೆಸಿಕೊಂಡು, "ಆ ಮಾರೀನ ಸುಮ್ಸುಮ್ನೆ ಕಳ್ಳ ಅಂದುಬುಟ್ಟೆ" ಅಂತ ಮಾತ್ರ ಗೊಣಗಿದ.

"ಕ್ವಾರೆಯಾಗಿ ಇಡ್ಬ್ಯಾಡ್ಲಾ. ನೆಟ್ಟಗಿಡು" ಅಂದಳು ಅಜ್ಜಿ, ಹಿಂದಿನಿಂದ. "ನನ್ ತಲೆ ಮ್ಯಾಲೆ ಬಿದ್ದಾತು."

ಕೃಷ್ಣಪ್ಪನಿಗೆ ನಗು ಬಂತು. ನಕ್ಕರೆ ಕೆಮ್ಮು ಬರುತ್ತದೆಂದು ಬಾಯಿ ಮುಚ್ಚಿಕೊಂಡ. ಆಮೇಲೆ ಬಗ್ಗಿ ಒಂದು ಸಣ್ಣ ಬೊಡ್ಡೆ ಎತ್ತಿ ತಾನೇ ಸಾಲಿಗೆ ಸೇರಿಸಿದ. ತಾಯಿ ನೋಡಿದಳು, ತಡೆಯಲಿಲ್ಲ.

ಸಂತೆ ದಿನದ ಬಸ್ಸು ಬಂದು ಹೋಯಿತು. ಬೀಸುಕಲ್ಲಿನ ಗಂಟು ಒಂದು ಪಕ್ಕ ಬಿಚ್ಚಿಕೊಂಡು, ಇನ್ನೊಂದು ಪಕ್ಕ ಕಟ್ಟಿಕೊಂಡು ಆಷಾಢ ಕಳೆಯುವವರೆಗೆ ಕೂತಿತ್ತು. ಅಮಾವಾಸ್ಯೆಯ ಮಧ್ಯಾಹ್ನ ಊಟವಾದ ಮೇಲೆ ಲಿಂಗಮ್ಮ ಮಗನ ಕೋಣೆಗೆ ಇಣುಕಿದಳು. ಚಾಪೆಯ ಮೇಲೆ ಉದ್ದಕ್ಕೆ ಮಲಗಿದ್ದ. ಮೂಟೆ ಮೂಲೆಯಲ್ಲಿತ್ತು. ಸದ್ದು ಮಾಡದೆ ಬಂದು ಗಂಟಿನ ಇನ್ನೊಂದು ಪಕ್ಕವನ್ನೂ ಬಿಚ್ಚಿ, ಸೀರೆಯನ್ನು ಮಡಿಸಿಟ್ಟಳು.

"ಸಣ್ಣಸ್ವಾಮಿಗೆ ಕಾರ್ಡ್ ಬರ್ದಾಕು" ಅಂದಳು ಮೊಮ್ಮಗನಿಗೆ. "ವಾಚ್‌ಮನ್ ಕೆಲ್ಸ ಯಜಮಾನ್ನೇ ಮಾಡ್ಲಂತೆ, ಗೋಡೌನ್ ಒಳಗೆ ಕೂತ್ಕಂಡು. ಹಂಗೇ ಬರಿ."

ಗಂಗೆಗೆ ಮಾತ್ರ ಆ ಗೋಡೆಯ ಕಡೆ ನೋಡಲು ಇನ್ನೂ ಅಳುಕು. ಬೆಳಿಗ್ಗೆ ಸೌದೆಗೆ ಹೋದರೆ ಅತ್ತೆಯೇ ಮುಂದೆ ಬಂದು ಮೇಲಿನ ಸಾಲಿನಿಂದ ಆರಿಸಿ ಕೊಡುತ್ತಿದ್ದಳು. "ಇದು ಸಾರಿಗೆ. ಇದು ಮುದ್ದೆಗೆ. ತಗಂಡೋಗು, ನಂದು ಇವತ್ತಿಗೆ ನಾಕು ಕಮ್ಮಿ ಆಯ್ತು" ಅನ್ನುತ್ತಿದ್ದಳು. ದಿನಾ ನಾಲ್ಕು, ಐದು. ಶ್ರಾವಣದಲ್ಲಿ ರಾಶಿ ಎದೆಯ ಮಟ್ಟಕ್ಕೆ ಇಳಿಯಿತು, ಗೌರಿ ಹಬ್ಬಕ್ಕೆ ಸೊಂಟಕ್ಕೆ ಬಂತು, ಆಯುಧಪೂಜೆ ಹೊತ್ತಿಗೆ ಮೊಣಕಾಲಿಗೆ. ಮಾವನನ್ನು ಒಂದೇ ಸಲಕ್ಕೆ ಉರಿಸಿದ್ದ ಸೌದೆಯ ಭಯವನ್ನು ಅತ್ತೆ ದಿನಕ್ಕೆ ನಾಲ್ಕು ಸೀಳಿನ ಹಾಗೆ ಮುದ್ದೆ ಬೇಯಿಸಿ ತೀರಿಸುತ್ತಿದ್ದಾಳೆ ಅನ್ನಿಸಿತು ಗಂಗೆಗೆ.

ನವೆಂಬರ್ ಒಂದನೇ ತಾರೀಕು ಸುಂಟಿಕೊಪ್ಪದಲ್ಲಿ ಬಾವುಟ ಕಟ್ಟಿ ಮಕ್ಕಳಿಗೆ ಮಿಠಾಯಿ ಹಂಚಿದರು. ಕೊಡಗು ರಾಜ್ಯ ಅಂದಿನಿಂದ ಇಲ್ಲ, ಎಲ್ಲಾ ಮೈಸೂರು. ದೇವರಾಜು ಎರಡು ಮಿಠಾಯಿ ಜೇಬಿನಲ್ಲಿ ತಂದು ಅಜ್ಜಿಗೆ ಕೊಟ್ಟ.

"ನಾ ಹೇಳಿರ್ಲಿಲ್ವಾ" ಅಂದಳು ಲಿಂಗಮ್ಮ, ಹಲ್ಲಿಲ್ಲದ ಬಾಯಲ್ಲಿ ಮಿಠಾಯಿ ಆಡಿಸುತ್ತಾ. "ಬುಟ್ಟು ಬಂದ್ರೂ ಬುಡದೆ ಹಿಂದೇನೆ ಬಂತು ನೋಡು."

ಅದೇ ವಾರ ದೀಪಾವಳಿ. ರಾಶಿಯಲ್ಲಿ ಉಳಿದಿದ್ದ ಕೊನೆಯ ಸಾಲನ್ನು ಅಜ್ಜಿಯೇ ಎತ್ತಿ ಬಚ್ಚಲ ಒಲೆಗೆ ಒಡ್ಡಿ, ಹಂಡೆ ನೀರು ಕಾಯಿಸಿ, ಮಗನ ತಲೆಗೆ ಎಣ್ಣೆ ತಟ್ಟಿ ತಾನೇ ನೀರೆರೆದಳು. ಹಬೆಯಲ್ಲಿ ಕೃಷ್ಣಪ್ಪ ಎದೆ ತುಂಬ ಉಸಿರೆಳೆದು ಬಿಟ್ಟ. ಸಿಳ್ಳೆ ಬರಲಿಲ್ಲ. ಮುತ್ತಮ್ಮ ಮುಚ್ಚಿ ತಂದ ಪಾತ್ರೆಯನ್ನು ಲಿಂಗಮ್ಮ ಈ ಸಲ ಮೂಸಿ ನೋಡಲಿಲ್ಲ.

ಮಾರನೇ ಬೆಳಿಗ್ಗೆ ಮುದುಕಿ ಕಂಬಳಿಯನ್ನು ತಲೆಯವರೆಗೆ ಸುತ್ತಿಕೊಂಡು, ಮೂಗು ಕೆಂಪು ಮಾಡಿಕೊಂಡು ಎದ್ದು ಬಂದಳು. ದೇವರಾಜು ಮಂಡಿಗೆ ಹೊರಟಿದ್ದ.

"ಲೇ, ಆ ಮಾರಿ ಮತ್ತೆ ಯಾವಾಗ್ ಬತ್ತಾನೆ?"

"ಇನ್ನೊಂದ್ ತಿಂಗಳಿಗೆ. ಯಾಕಜ್ಜಿ?"

"ಈ ಸಲ ಎರಡು ಗಾಡಿ ಹೇಳು. ಮಳೆ ಬರೋಗಂಟ ಕಾಯ್ಬ್ಯಾಡ, ಈಗ್ಲೇ ಹೇಳು."

"ಎರಡಾ! ಎಲ್ಲಿ ಒಟ್ಟದು?"

"ಎಲ್ಲಿ ಅಂದ್ರೆ? ನನ್ ಗೋಡೆಗೇ" ಅಂದಳು ಲಿಂಗಮ್ಮ, ಒಲೆಯ ಮುಂದೆ ಸೊಸೆಯ ಪಕ್ಕಕ್ಕೆ ಕುಕ್ಕರಿಸುತ್ತಾ. "ಗೋಡೆ ಬಿರುಕು ಬುಟ್ಟದೆ ಕಣೆ ಗಂಗೆ, ಇಷ್ಟ್ ದಿನ ಗೊತ್ತೇ ಆಗಿರ್ಲಿಲ್ಲ. ಸೌದೆ ತೆಗ್ದಿದ್ದೇ ತಡ, ತಲೆದೆಸೆಗೆಲ್ಲಾ ಗಾಳಿ."